ಸಿಹಿಗುಂಬಳ: ಬಳ್ಳಿ ಹಬ್ಬಿದರೆ ಸಾಲದು, ಕಾಯಿ ಕಚ್ಚಬೇಕು

ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ ಬೇಲಿ ಹತ್ತಿ, ಕೊಟ್ಟಿಗೆಯ ಮಾಡು ಏರಿ, ಯಾರೂ ತಿರುಗಿ ನೋಡದಿದ್ದರೂ ನಾಲ್ಕಾರು ಕಾಯಿ ಬಿಡುತ್ತದೆ. ಅದೇ ಬೀಜವನ್ನು ಪಾತಿ ಮಾಡಿ ಹಾಕಿ, ದಿನವೂ ನೀರೆರೆದು ಸಾಕಿದರೆ ಎಲೆಯೇ ಎಲೆ. ಹೂವು ಅರಳುತ್ತದೆ, ಉದುರುತ್ತದೆ. ನಿಂಬೆ ಗಾತ್ರದ ಹೀಚು ಹಳದಿಯಾಗಿ ಕಳಚಿ ಬೀಳುತ್ತದೆ. ಕುಂಬಳ ಹಾಕಿದ ಹೆಚ್ಚಿನವರ ದೂರು ಇದೇ. ಬಳ್ಳಿ ಬೆಳೆಸುವುದು ಕಷ್ಟವಲ್ಲ, ಕಾಯಿ ಕಚ್ಚಿಸಿ ಅದನ್ನು ನೊಣದಿಂದ ಉಳಿಸಿಕೊಳ್ಳುವುದೇ ನಿಜವಾದ ಕೆಲಸ. ಹಾಗಾಗಿ ಇಲ್ಲಿ ಗೊಬ್ಬರ, ನೀರಿನ ವಿಚಾರಕ್ಕಿಂತ ಹೂವಿನ ವಿಚಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸಿಹಿಗುಂಬಳವೆಂದರೆ ಒಳಗೆ ಕಿತ್ತಳೆ ಬಣ್ಣದ ತಿರುಳಿರುವ ಕಾಯಿ. ಕರಾವಳಿಯ ಕಡೆ ಚೀನಿಕಾಯಿ, ತುಳುವಿನಲ್ಲಿ ಕೆಂಬುಡೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯ ಕುಂಬಳ ಬೇರೆ. ಹೆಗಲಿಗೆ ಬೂದಿ ಮೆತ್ತುವುದು ಬೂದುಗುಂಬಳ. ಎರಡೂ ಬಳ್ಳಿಗಳೇ ಆದರೂ ಜಾತಿ ಬೇರೆ, ಒಂದರ ಪರಾಗ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಬೀಜ ಮತ್ತು ಕಾಲ

ಬಯಲುಸೀಮೆಯಲ್ಲಿ ಎರಡು ಕಾಲ ಒಗ್ಗುತ್ತದೆ: ಜೂನ್–ಜುಲೈ ಮತ್ತು ಜನವರಿ–ಫೆಬ್ರವರಿ. ಜೂನ್ ಎರಡನೇ ವಾರ ಬಿತ್ತಿದರೆ ನವರಾತ್ರಿ, ದೀಪಾವಳಿಯ ಹೊತ್ತಿಗೆ ಕಾಯಿ ಬಲಿತಿರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಲ್ಲಿ ಬಿತ್ತಿದರೆ ಹೂ ಬಿಡುವ ಹೊತ್ತಿಗೆ ಸುರಿಮಳೆ. ಜೇನು ಹಾರುವುದಿಲ್ಲ, ಪರಾಗ ನೆನೆದು ಕೆಡುತ್ತದೆ. ಅಲ್ಲಿ ಸೆಪ್ಟೆಂಬರ್ ಕೊನೆಗೆ, ಮಳೆ ಇಳಿದ ಮೇಲೆ ಹಾಕುವುದು ಲೇಸು.

ತಳಿಯ ಬಗ್ಗೆ ಹೇಳುವುದಾದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ತಳಿಗಳು ಮನೆತೋಟಕ್ಕೆ ಹೇಳಿಮಾಡಿಸಿದಂತಿವೆ. ಅರ್ಕಾ ಚಂದನ್ 2ರಿಂದ 3 ಕಿಲೋ ತೂಗುವ, ಬಲಿತಾಗ ತಿಳಿಕಂದು ಬಣ್ಣಕ್ಕೆ ತಿರುಗುವ, ಸಿಹಿ ತಿರುಳಿನ ಕಾಯಿ. ಅರ್ಕಾ ಸೂರ್ಯಮುಖಿಯದು ಸುಮಾರು 1 ಕಿಲೋದ, ಮೇಲೆ ಕೆಳಗೆ ಚಪ್ಪಟೆಯಾದ ಕಿತ್ತಳೆ ಕಾಯಿ, ಮೈಮೇಲೆ ಬಿಳಿ ಗೆರೆ. ಹಣ್ಣುನೊಣವನ್ನು ತಡೆದುಕೊಳ್ಳುವ ಗುಣ ಇದಕ್ಕಿದೆ. ನಾಲ್ಕು ಜನರ ಮನೆಗೆ 1 ಕಿಲೋದ ಕಾಯಿಯೇ ಅನುಕೂಲ, ಒಡೆದದ್ದು ಒಂದೇ ದಿನಕ್ಕೆ ಮುಗಿಯುತ್ತದೆ. ಊರಿನ ನಾಟಿ ಬೀಜ ಸಿಕ್ಕರೆ ಅದನ್ನೂ ಬಿಡಬೇಡಿ. ಆದರೆ ಅಂಗಡಿಯಿಂದ ತಂದ ಕಾಯಿಯ ಬೀಜ ಹೈಬ್ರಿಡ್ ಆಗಿದ್ದರೆ ಮರಿ ಬಳ್ಳಿಯ ಕಾಯಿ ತಾಯಿಯಂತೆ ಇರುತ್ತದೆಂಬ ಭರವಸೆ ಇಲ್ಲ.

ಗುಣಿ ತೆಗೆಯುವುದು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಮರದ ಅರೆನೆರಳಿನಲ್ಲಿ ಎಲೆ ದೊಡ್ಡದಾಗುತ್ತದೆ, ಹೆಣ್ಣು ಹೂ ಬರುವುದಿಲ್ಲ.

ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಣಿ ತೆಗೆಯಿರಿ. ಗುಣಿಯಿಂದ ಗುಣಿಗೆ 6ರಿಂದ 8 ಅಡಿ ಅಂತರ. ಮೇಲ್ಮಣ್ಣನ್ನು ಒಂದು ಕಡೆ, ಅಡಿಮಣ್ಣನ್ನು ಇನ್ನೊಂದು ಕಡೆ ಹಾಕಿ, ನಾಲ್ಕೈದು ದಿನ ಗುಣಿಯನ್ನು ಬಿಸಿಲಿಗೆ ಬಿಡಿ. ಆಮೇಲೆ ಮೇಲ್ಮಣ್ಣಿಗೆ 8ರಿಂದ 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಗೊಬ್ಬರ ಕಳಿತಿದೆಯೇ ಎಂದು ಮೂಗೇ ಹೇಳುತ್ತದೆ: ಸಗಣಿ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಿಡಿಯಲ್ಲಿ ಪುಡಿಯಾಗಬೇಕು. ಹಸಿ ಗೊಬ್ಬರ ಹಾಕಿದರೆ ಬೇರು ಬೇಯುತ್ತದೆ, ಗೊಬ್ಬರದ ಹುಳುವೂ ಸೇರಿಕೊಳ್ಳುತ್ತದೆ.

ಒಲೆ ಬೂದಿ ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಒಳ್ಳೆಯದು, ಗುಣಿಗೆ ಎರಡು ಹಿಡಿ ಸಾಕು. ಉತ್ತರ ಕರ್ನಾಟಕದ ಎರೆಮಣ್ಣಿಗೆ ಬೂದಿ ಬೇಡ. ಅದು ಮೊದಲೇ ಕ್ಷಾರದ ಮಣ್ಣು, ಬೂದಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರೆಮಣ್ಣಿನಲ್ಲೂ ಮಳೆ ಹೆಚ್ಚಿರುವ ಕಡೆಯೂ ಗುಣಿಯ ಮೇಲೆ ಅರ್ಧ ಅಡಿ ಎತ್ತರದ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ಬಿತ್ತಬೇಕು. ಕುಂಬಳದ ಬೇರು ನೀರು ಕೇಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ.

ತಾರಸಿಯಲ್ಲಿ ಬೆಳೆಸುವವರು 50 ಲೀಟರಿಗಿಂತ ಚಿಕ್ಕ ಚೀಲ ಅಥವಾ ಡ್ರಮ್ ಬಳಸಬೇಡಿ. ಒಂದು ಚೀಲಕ್ಕೆ ಒಂದೇ ಬಳ್ಳಿ.

ಬಿತ್ತನೆ, ಮೊದಲ ಮೂರು ವಾರ

ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿತ್ತಿ. ಒಂದು ಗುಣಿಗೆ ಮೂರು ಬೀಜ, ನಡುವೆ ಒಂದು ಗೇಣು, ಒಂದು ಅಂಗುಲ ಆಳ. ಐದರಿಂದ ಎಂಟು ದಿನಕ್ಕೆ ಮೊಳಕೆ ಮೇಲೇಳುತ್ತದೆ. ಮೂರು ಎಲೆ ಬಂದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ, ಉಳಿದವನ್ನು ಕೀಳದೆ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲ್ಲಾಡುತ್ತದೆ. ಇದೇ ಕಾರಣಕ್ಕೆ ಕುಂಬಳವನ್ನು ಮಡಿಯಲ್ಲಿ ಎಬ್ಬಿಸಿ ನಾಟಿ ಮಾಡುವುದಕ್ಕಿಂತ ನೇರವಾಗಿ ಬಿತ್ತುವುದು ವಾಸಿ.

ಬಿತ್ತಿದ ದಿನದಿಂದ ಮೊಳಕೆ ಕಾಣುವವರೆಗೆ ಮಣ್ಣು ಹಸಿಯಾಗಿರಬೇಕು, ಕೆಸರಾಗಬಾರದು. ಸಸಿಯ ಕಾಂಡ ನೆಲ ಮುಟ್ಟುವಲ್ಲಿ ನೀರು ಕುಡಿದಂತೆ ಮೆತ್ತಗಾಗಿ ಬಾಗಿ ಬಿದ್ದರೆ ಅದು ಬುಡಕೊಳೆ. ಆ ಸಸಿ ಬದುಕುವುದಿಲ್ಲ. ನೀರು ಕಡಿಮೆ ಮಾಡಿ ಬೇರೆ ಬೀಜ ಹಾಕಿ.

ಈ ಮೂರು ವಾರದ ದೊಡ್ಡ ಶತ್ರು ಕುಂಬಳದ ಕೆಂಪು ದುಂಬಿ. ಭತ್ತದ ಕಾಳಿನಷ್ಟು ಉದ್ದ, ಹೊಳೆಯುವ ಕೇಸರಿ ಬಣ್ಣ. ಬೀಜದೆಲೆಯನ್ನು ಜರಡಿಯಂತೆ ತೂತು ಮಾಡುತ್ತದೆ. ಎರಡೇ ದಿನ ಗಮನಿಸದಿದ್ದರೆ ಕಡ್ಡಿ ಮಾತ್ರ ಉಳಿಯುತ್ತದೆ. ಮೇಲೆ ಕಾಣುವುದು ಅರ್ಧ ಹಾನಿ ಅಷ್ಟೇ. ಬುಡದ ಮಣ್ಣಿನಲ್ಲಿ ಇಟ್ಟ ಮೊಟ್ಟೆಯಿಂದ ಬಂದ ಮರಿಹುಳು ಬೇರನ್ನು ಕೊರೆಯುತ್ತದೆ. ಬೆಳೆದ ಬಳ್ಳಿ ಕಾರಣವಿಲ್ಲದೆ ಬಾಡಿದಂತೆ ಕಂಡರೆ ಬುಡ ಕೆದಕಿ ನೋಡಿ, ಹಲವು ಸಲ ಕಾರಣ ಅಲ್ಲೇ ಇರುತ್ತದೆ.

ಬಿಸಿಲೇರುವ ಮುಂಚೆ ದುಂಬಿ ಜಡವಾಗಿ ಎಲೆಯಡಿ ಕೂತಿರುತ್ತದೆ. ಸಾಬೂನು ನೀರಿನ ಚೊಂಬನ್ನು ಎಲೆಯ ಕೆಳಗೆ ಹಿಡಿದು ಎಲೆ ತಟ್ಟಿದರೆ ನೇರ ಅದರೊಳಗೆ ಬೀಳುತ್ತದೆ. ಹತ್ತು ಗಂಟೆಯ ಮೇಲೆ ಹಿಡಿಯಲು ಹೋದರೆ ಹಾರಿಬಿಡುತ್ತದೆ. ಇದಕ್ಕಿಂತ ಸುಲಭ ಉಪಾಯ, ಬಿತ್ತಿದ ದಿನವೇ ನಾಲ್ಕು ಕಡ್ಡಿ ಊರಿ ಹಳೆಯ ಸೊಳ್ಳೆ ಪರದೆಯ ತುಂಡು ಹೊದಿಸಿ ಅಂಚನ್ನು ಮಣ್ಣಲ್ಲಿ ಮುಚ್ಚುವುದು. ಐದಾರು ಎಲೆ ಬಂದ ಮೇಲೆ ಪರದೆ ತೆಗೆಯಿರಿ; ಆಮೇಲೆ ದುಂಬಿ ತಿಂದರೂ ಬಳ್ಳಿ ತಡೆದುಕೊಳ್ಳುತ್ತದೆ.

ಬಳ್ಳಿ ಹಬ್ಬುವಾಗ

ನೀರು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ತುದಿಗೆ ತೇವ ತಾಗದಿದ್ದರೆ ನೀರು ಕೊಡಿ. ಬೇಸಿಗೆಯ ಕೆಂಪುಮಣ್ಣಿನಲ್ಲಿ ಹಬ್ಬಿದ ಬಳ್ಳಿಗೆ ಮೂರು ದಿನಕ್ಕೊಮ್ಮೆ 8ರಿಂದ 10 ಲೀಟರ್ ಬೇಕಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬಿದ್ದರೆ ಗಾಬರಿ ಬೇಡ, ಸಂಜೆಗೆ ನೆಟ್ಟಗಾಗುತ್ತದೆ. ಬೆಳಿಗ್ಗೆ ಏಳಕ್ಕೂ ಜೋತೇ ಇದ್ದರೆ ಮಾತ್ರ ಬುಡ ನೋಡಬೇಕು. ಬುಡದ ಸುತ್ತ ತರಗೆಲೆ ಅಥವಾ ಒಣಹುಲ್ಲನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ.

ತಿಂಗಳಾದಾಗ ಬುಡಕ್ಕೆ 1 ಕಿಲೋ ಎರೆಗೊಬ್ಬರ. ಹೂ ಕಾಣಿಸಿಕೊಂಡ ಮೇಲೆ ಇನ್ನೊಮ್ಮೆ ಅಷ್ಟೇ. ಯೂರಿಯಾ, ಕೋಳಿಗೊಬ್ಬರ, ಪದೇಪದೇ ಸಗಣಿ ನೀರು ಬೇಡ. ಸಾರಜನಕ ಹೆಚ್ಚಾದ ಬಳ್ಳಿ ಕಪ್ಪು ಹಸಿರು ಬಣ್ಣಕ್ಕೆ ತಿರುಗಿ, ಮೊರದಗಲ ಎಲೆ ಬಿಟ್ಟು, ಹೆಣ್ಣು ಹೂವನ್ನು ಮುಂದೂಡುತ್ತದೆ. ಅಕ್ಕರೆಯಿಂದ ಸಾಕಿದ ಬಳ್ಳಿ ಬಂಜೆಯಾಗುವುದು ಇದರಿಂದಲೇ.

ಮುಖ್ಯ ಬಳ್ಳಿ ಐದಾರು ಅಡಿ ಆದಾಗ ಕುಡಿ ಚಿವುಟಿ. ಪಕ್ಕದ ಹಂಬುಗಳು ಒಡೆಯುತ್ತವೆ, ಹೆಣ್ಣು ಹೂ ಅವುಗಳಲ್ಲೇ ಹೆಚ್ಚು. ಚಿವುಟಿದ ಕುಡಿಯನ್ನು ಎಸೆಯಬೇಡಿ, ನಾರು ಸುಲಿದು ಪಲ್ಯ ಮಾಡಿ. ನೆಲದ ಮೇಲೆ ಹಬ್ಬಿದ ಬಳ್ಳಿಯ ಎರಡು ಮೂರು ಗೆಣ್ಣುಗಳ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರೆ ಅಲ್ಲೂ ಬೇರು ಬಿಡುತ್ತದೆ. ಮೂಲ ಬುಡಕ್ಕೆ ಹುಳು ಬಿದ್ದರೂ ಬಳ್ಳಿ ಉಳಿಯುವುದು ಈ ಎರಡನೇ ಬೇರಿನಿಂದ. ಹಾಗೆ ಬೇರೂರಿದ ಮೇಲೆ ಬಳ್ಳಿಯನ್ನು ಎತ್ತಿ ಬೇರೆಡೆಗೆ ತಿರುಗಿಸಬೇಡಿ.

ಹೂವಿನ ಬೆಳಗು

ಬಿತ್ತಿದ 40–50 ದಿನಕ್ಕೆ ಮೊದಲ ಹೂಗಳು ಬರುತ್ತವೆ, ಬಂದಷ್ಟೂ ಉದುರುತ್ತವೆ. ಅವೆಲ್ಲ ಗಂಡು ಹೂ, ಉದುರಲೇಬೇಕು. ಹೆಣ್ಣು ಹೂ ಬರುವುದು ಅದಾದ ವಾರ, ಹತ್ತು ದಿನಕ್ಕೆ. ಗಂಡು ಹೂವಿಗೆ ಸಣ್ಣ, ಉದ್ದನೆಯ ತೊಟ್ಟು. ಒಳಗೆ ಒಂದೇ ಹಳದಿ ಕಡ್ಡಿ ನಿಂತಿರುತ್ತದೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ ಮತ್ತು ದಪ್ಪ. ಎಸಳಿನ ಕೆಳಗೆ ಗೋಲಿಯಷ್ಟು ಪುಟ್ಟ ಕುಂಬಳ ಆಗಲೇ ಇರುತ್ತದೆ. ಆ ಗೋಲಿಯನ್ನು ನೋಡಿ ‘ಕಾಯಿ ಬಂತು’ ಎಂದುಕೊಳ್ಳುವುದೇ ತಪ್ಪು ಲೆಕ್ಕ. ಪರಾಗ ತಾಗದಿದ್ದರೆ ಅದು ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತದೆ.

ಹೂವು ಅರಳುವುದು ಒಂದೇ ಬೆಳಗು. ಬೆಳಕು ಹರಿಯುವಾಗ ಬಿಚ್ಚಿದ ಎಸಳು ಬಿಸಿಲೇರುತ್ತಿದ್ದಂತೆ ಮುದುಡಿ, ಹತ್ತು ಹನ್ನೊಂದಕ್ಕೆ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದಿಲ್ಲ. ಆ ನಾಲ್ಕು ಗಂಟೆಯಲ್ಲಿ ಜೇನು ಬಂದರೆ ಕಾಯಿ, ಇಲ್ಲವಾದರೆ ಇಲ್ಲ. ತುಡುವೆ, ಕೋಲುಜೇನು, ಮುಜಂಟಿ ಓಡಾಡುವ ಹಳ್ಳಿಯ ಹಿತ್ತಲಿನಲ್ಲಿ ಇದು ತಾನಾಗಿ ನಡೆಯುತ್ತದೆ. ಪಟ್ಟಣದ ಮೂರನೇ ಮಹಡಿಯ ತಾರಸಿಯಲ್ಲಿ, ಅಥವಾ ಮೋಡ ಮುಚ್ಚಿದ ವಾರದಲ್ಲಿ, ಜೇನಿನ ಕೆಲಸ ನೀವೇ ಮಾಡಬೇಕು. ಹೀಗೆ:

ಹಿಂದಿನ ಸಂಜೆ ಬಳ್ಳಿ ಸುತ್ತಿ ಬನ್ನಿ. ನಾಳೆ ಅರಳುವ ಮೊಗ್ಗಿನ ತುದಿ ಹಸಿರು ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಉಬ್ಬಿದಂತಿರುತ್ತದೆ. ಅಂಥ ಹೆಣ್ಣು ಮೊಗ್ಗು ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಿ. ಮಳೆ ಬರುವಂತಿದ್ದರೆ ಹೆಣ್ಣು ಮೊಗ್ಗಿಗೂ ಒಂದೆರಡು ಗಂಡು ಮೊಗ್ಗಿಗೂ ಪ್ಲಾಸ್ಟಿಕ್ ಲೋಟ ಬೋರಲು ಹಾಕಿ. ನೀರು ಬಿದ್ದ ಪರಾಗದ ಕಣ ಒಡೆದುಹೋಗುತ್ತದೆ.

ಬೆಳಿಗ್ಗೆ ಆರರಿಂದ ಎಂಟರೊಳಗೆ, ಅಂದೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕೊಯ್ಯಿರಿ. ಒಳಗಿನ ಕಡ್ಡಿಯನ್ನು ಬೆರಳ ತುದಿಗೆ ಮೆಲ್ಲಗೆ ತಾಗಿಸಿ: ಅರಿಶಿನದಂಥ ಪುಡಿ ಹತ್ತಿದರೆ ಪರಾಗ ಬಿಚ್ಚಿದೆ. ಹತ್ತದಿದ್ದರೆ ಅರ್ಧ ಗಂಟೆ ಕಾಯಿರಿ, ಇಬ್ಬನಿ ಆರಬೇಕು. ಗಂಡು ಹೂವಿನ ಎಸಳನ್ನು ಸುಲಿದು ತೆಗೆದರೆ ಕಡ್ಡಿಯೊಂದೇ ಕುಂಚದಂತೆ ಉಳಿಯುತ್ತದೆ. ಹೆಣ್ಣು ಹೂವಿನ ನಡುವೆ ಮೂರು ಹೋಳಾಗಿ ಉಬ್ಬಿದ ಅಂಟಂಟು ಭಾಗವಿದೆಯಲ್ಲ, ಆ ಮೂರಕ್ಕೂ ಕುಂಚವನ್ನು ಸುತ್ತಿಸಿ ಸವರಿ. ಒಂದೇ ಕಡೆ ಒತ್ತಿದರೆ ಒಂದೇ ಕಡೆ ಬೀಜ ಕಟ್ಟಿ ಕಾಯಿ ಓರೆಯಾಗುತ್ತದೆ. ಒಂದು ಹೆಣ್ಣಿಗೆ ಎರಡು ಗಂಡು ಹೂ ಬಳಸಿದರೆ ಒಳ್ಳೆಯದು.

ಮುಟ್ಟಿಸಿದ ಹೂವಿನ ತೊಟ್ಟಿಗೆ ದಾರ ಕಟ್ಟಿ ದಿನಾಂಕ ಬರೆದಿಡಿ. ಮೂರ್ನಾಲ್ಕು ದಿನದಲ್ಲಿ ಹೀಚು ಹೊಳಪೇರಿ ನೆಲದ ಕಡೆ ಬಾಗಿದರೆ ಕಚ್ಚಿದೆ ಎಂದರ್ಥ. ಹೂವಿನ ಕಡೆಯ ತುದಿಯಿಂದ ಹಳದಿ ಏರತೊಡಗಿದರೆ ಅದು ಹೋಯಿತು.

ಹೆಣ್ಣು ಅರಳಿದ ದಿನ ಗಂಡು ಹೂವೇ ಇಲ್ಲ ಎಂಬ ಪೇಚು ಒಂದೇ ಬಳ್ಳಿ ಇದ್ದವರಿಗೆ ಬರುತ್ತದೆ. ಜಾಗವಿದ್ದರೆ ಎರಡು ಬಳ್ಳಿ ಹಾಕುವುದು ಇದಕ್ಕಾಗಿ. ಪಕ್ಕದ ಮನೆಯವರ ಬಳ್ಳಿಯ ಹೂವೂ ನಡೆಯುತ್ತದೆ, ಅದೂ ಸಿಹಿಗುಂಬಳವೇ ಆಗಿದ್ದರೆ. ಸೋರೆ, ಹೀರೆ, ಸೌತೆ, ಬೂದುಗುಂಬಳದ ಹೂ ನಡೆಯದು. ಪರಾಗಕ್ಕೆ ಬೇಡವಾಗಿ ಉಳಿದ ಗಂಡು ಹೂವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಬಹುದು.

ಸರಿಯಾಗಿ ಪರಾಗ ಮುಟ್ಟಿಸಿಯೂ ಉದುರುವ ಹೀಚುಗಳಿವೆ. ಮೊದಲೇ ಎರಡು ಮೂರು ಕಾಯಿ ಹೊತ್ತ ಬಳ್ಳಿ ಹೊಸದನ್ನು ತಾನೇ ಬಿಡುತ್ತದೆ; ಅದು ರೋಗವಲ್ಲ. 2–3 ಕಿಲೋದ ತಳಿಯಲ್ಲಿ ಒಂದು ಬಳ್ಳಿಗೆ ಮೂರು ನಾಲ್ಕು ಕಾಯಿ ಸಿಕ್ಕರೆ ಒಳ್ಳೆಯ ಬೆಳೆ.

ಹಣ್ಣುನೊಣ

ಕಚ್ಚಿದ ಕಾಯಿ ಕಿತ್ತಳೆ ಹಣ್ಣಿನಷ್ಟಾದಾಗ ಮೈಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರಿಂದ ಒಸರಿದ ಅಂಟು ಕಂಡರೆ ನೊಣ ಮೊಟ್ಟೆ ಇಟ್ಟಾಗಿದೆ. ಊಜಿ ಎನ್ನುವುದೂ ಇದನ್ನೇ. ಒಳಗೆ ಬಿಳಿ ಹುಳು ತಿರುಳು ತಿಂದು ಕಾಯಿ ಕೊಳೆಯುತ್ತದೆ. ಹುಳು ಒಳಗೆ ಸೇರಿದ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ತಡೆಯುವುದೊಂದೇ ದಾರಿ.

ಮನೆತೋಟಕ್ಕೆ ಚೀಲಕ್ಕಿಂತ ಉತ್ತಮ ಉಪಾಯವಿಲ್ಲ. ಪರಾಗ ತಾಗಿದ ಮರುದಿನ, ಹೂ ಮುದುಡಿದ ಮೇಲೆ, ಹೀಚಿಗೆ ಹಳೆಯ ಪಂಚೆಯ ಬಟ್ಟೆಯ ಸಡಿಲ ಚೀಲ ತೊಡಿಸಿ ತೊಟ್ಟಿನ ಬಳಿ ಕಟ್ಟಿ. ಮೂರು ವಾರದಲ್ಲಿ ಸಿಪ್ಪೆ ಬಲಿತು ನೊಣಕ್ಕೆ ಚುಚ್ಚುವುದು ಕಷ್ಟವಾಗುತ್ತದೆ, ಆಗ ಬಿಚ್ಚಿ.

ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕೊಳ್ಳುವಾಗ ಒಂದು ಎಚ್ಚರ: ಬಳ್ಳಿ ತರಕಾರಿಯ ನೊಣಕ್ಕೆ ಬೇಕಾದದ್ದು ಕ್ಯೂ ಲ್ಯೂರ್. ಮಾವಿನ ನೊಣಕ್ಕೆ ಮಾರುವ ಮಿಥೈಲ್ ಯುಜಿನಾಲ್ ತಂದು ತೂಗುಹಾಕಿದರೆ ಬಲೆಯಲ್ಲಿ ನೊಣ ತುಂಬುತ್ತದೆ, ಕಾಯಿ ಮಾತ್ರ ಕೊಳೆಯುತ್ತಲೇ ಇರುತ್ತದೆ. ಬಿದ್ದದ್ದು ಬೇರೆ ಜಾತಿಯ ನೊಣ. ಕ್ಯೂ ಲ್ಯೂರ್‌ಗೆ ಬೀಳುವುದೂ ಗಂಡು ನೊಣ ಮಾತ್ರ, ಹಾಗಾಗಿ ಬಲೆ ಇದ್ದರೂ ಚೀಲ ಬೇಕು.

ಹುಳು ಬಿದ್ದ ಕಾಯನ್ನು ತಿಪ್ಪೆಗೆ ಎಸೆದರೆ ಮುಂದಿನ ತಲೆಮಾರಿನ ನೊಣ ನಿಮ್ಮ ಮನೆಯಲ್ಲೇ ಹುಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ವಾರವಿಡೀ ಬಿಸಿಲಿಗಿಡಿ. ಹುಳು ಕೋಶವಾಗುವುದು ಮಣ್ಣಿನೊಳಗೆ, ಬಳ್ಳಿಯಡಿಯ ಮಣ್ಣನ್ನು ಆಗಾಗ ಮೇಲೆ ಮೇಲೆ ಕೆದಕಿದರೆ ಕೋಳಿಗೂ ಇರುವೆಗೂ ಸಿಗುತ್ತದೆ.

ಎಲೆಯ ಮೇಲಿನ ಬಿಳುಪು

ಅನೇಕ ಸಿಹಿಗುಂಬಳ ತಳಿಗಳ ಎಲೆಯಲ್ಲಿ ನರಗಳು ಕವಲೊಡೆಯುವಲ್ಲಿ ಬೆಳ್ಳಿಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ. ಅದನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರು ಬಹಳ. ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಹಿಟ್ಟಿನಂತೆ ಹತ್ತಿದರೆ ಬೂದಿ ರೋಗ, ಹತ್ತದಿದ್ದರೆ ಎಲೆಯ ಸಹಜ ಬಣ್ಣ.

ಬೂದಿ ರೋಗ ಒಣ ಹವೆ, ತಂಪು ರಾತ್ರಿಯಲ್ಲಿ ಹಳೆಯ ಎಲೆಯಿಂದ ಶುರುವಾಗುತ್ತದೆ. ಮೊದಲ ಚುಕ್ಕೆ ಕಂಡಾಗಲೇ ಆ ಎಲೆ ಕತ್ತರಿಸಿ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಎಲೆಯ ಎರಡೂ ಬದಿ ಸಿಂಪಡಿಸಿ. ಇದು ಬರೀ ಅಜ್ಜಿ ಔಷಧವಲ್ಲ: ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟಿಯೋಲ್ 1999ರಲ್ಲಿ ಪ್ರಕಟಿಸಿದ ಹಸಿರುಮನೆ ಪ್ರಯೋಗದಲ್ಲಿ, ಕುಂಬಳದ ಬಳಗದ ಜುಕಿನಿ ಗಿಡಗಳ ಮೇಲೆ ಶೇ 10 ಮತ್ತು ಅದಕ್ಕಿಂತ ಹೆಚ್ಚಿನ ಹಾಲಿನ ಸಿಂಪಡಣೆ ರಾಸಾಯನಿಕಗಳಷ್ಟೇ ಕೆಲಸ ಮಾಡಿತು. ಗಂಧಕದ ಪುಡಿ ಬೇಡ, ಬಿಸಿಲಿನಲ್ಲಿ ಕುಂಬಳದ ಎಲೆಯನ್ನು ಅದು ಸುಡುತ್ತದೆ.

ಮಳೆಗಾಲದಲ್ಲಿ ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಅಡಿಯಲ್ಲಿ ಬೂದು ಬೂಜು ಬಂದರೆ ಅದು ಬೂಜು ತುಪ್ಪಟ. ಗಾಳಿಯಾಡುವಂತೆ ಎಲೆ ತೆಳುಮಾಡಿ, ಎಲೆಗೆ ನೀರು ಬೀಳದಂತೆ ನೋಡಿಕೊಳ್ಳಿ. ಕುಡಿ ಎಲೆ ಸುರುಟಿ, ಹಸಿರು ಹಳದಿ ಬೆರೆತು ಉಬ್ಬುತಗ್ಗಾದರೆ ನಂಜು ರೋಗ. ಅದಕ್ಕೆ ಔಷಧವಿಲ್ಲ, ಬಳ್ಳಿಯನ್ನು ಕಿತ್ತು ಸುಡಿ. ಅದನ್ನು ಹರಡುವ ಹೇನು, ಬಿಳಿನೊಣಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ. ಯಾವ ಸಿಂಪಡಣೆಯಾದರೂ ಸಂಜೆಯೇ ಆಗಲಿ. ಬೆಳಿಗ್ಗೆ ಹೊಡೆದರೆ ಮೊದಲು ಸಾಯುವುದು ಜೇನು.

ಕೊಯ್ಲು

ಪರಾಗ ತಾಗಿದ ದಿನದಿಂದ 45–60 ದಿನ. ದಾರಕ್ಕೆ ಬರೆದ ದಿನಾಂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ತೊಟ್ಟು ಹಸಿರು ಕಳೆದು ಬೆಂಡಿನಂತೆ ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಬೆಳೆಯುವಾಗ ಕಾಯಿಯಡಿ ಒಣಹುಲ್ಲು ಅಥವಾ ಹಂಚಿನ ಚೂರು ಇಟ್ಟರೆ ತಳ ಕೊಳೆಯುವುದಿಲ್ಲ. ಚಪ್ಪರದಲ್ಲಿ ಜೋತ ಕಾಯಿಗೆ ಹಳೆಯ ಸೀರೆಯ ಜೋಲಿ ಕಟ್ಟಿ.

ಮೂರು ಅಂಗುಲ ತೊಟ್ಟು ಬಿಟ್ಟು ಕತ್ತಿಯಿಂದ ಕತ್ತರಿಸಿ, ತಿರುಚಿ ಕೀಳಬೇಡಿ. ತೊಟ್ಟು ಮುರಿದ ಕಾಯಿ ಆ ಗಾಯದಿಂದಲೇ ಕೊಳೆಯುತ್ತದೆ, ಅದನ್ನು ಮೊದಲು ಸಾರಿಗೆ ಹಾಕಿ. ಉಳಿದವನ್ನು ತೊಳೆಯದೆ, ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಹದಕ್ಕೆ ಬಿಟ್ಟು, ಆಮೇಲೆ ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ಮೂರು ನಾಲ್ಕು ತಿಂಗಳು ಕೆಡುವುದಿಲ್ಲ. ಒಂದು ತಿಂಗಳು ಕೂತ ಕಾಯಿ ಅಂದೇ ಕೊಯ್ದದ್ದಕ್ಕಿಂತ ಸಿಹಿ. ಗಾರಿಗೆ, ಕಡುಬಿಗೆ ಅಂಥದ್ದೇ ಆರಿಸಿ.

ಕಾಯಿ ಹೆಚ್ಚುವಾಗ ಒಂದು ಚೂರು ಹಸಿಯಾಗಿ ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯನ್ನು ಎಸೆಯಿರಿ. ಕುಂಬಳ, ಸೋರೆ, ಸೌತೆ ಬಳಗದ ಈ ಕಹಿ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿ ತರುತ್ತದೆ.

ಮುಂದಿನ ವರ್ಷಕ್ಕೆ ಬೀಜ

ತಳಿ ಶುದ್ಧವಾಗಿ ಉಳಿಯಬೇಕಾದರೆ ಪರಾಗ ಕೈಯಲ್ಲೇ ಮುಟ್ಟಿಸಬೇಕು, ಅದೂ ಜೇನು ಮುಟ್ಟದ ಹೂವಿಗೆ. ಸಂಜೆ ಕಿತ್ತಳೆ ತುದಿಯ ಹೆಣ್ಣು ಮೊಗ್ಗನ್ನೂ, ಅದೇ ತಳಿಯ ಗಂಡು ಮೊಗ್ಗನ್ನೂ ದಾರದಿಂದ ಸುತ್ತಿ ಬಾಯಿ ಕಟ್ಟಿ. ಬೆಳಿಗ್ಗೆ ಬಿಚ್ಚಿ, ಪರಾಗ ಸವರಿ, ಹೆಣ್ಣು ಹೂವಿನ ಎಸಳನ್ನು ಮತ್ತೆ ಕಟ್ಟಿಬಿಡಿ. ಆ ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಮನೆಯಲ್ಲಿ ಯಾರೂ ಅದನ್ನು ಹುಳಿಗೆ ಕೊಯ್ಯದಂತೆ ಹೇಳಿಡಿ. ಬಲಿತು ಕೊಯ್ದ ಮೇಲೂ ಒಂದು ತಿಂಗಳು ಬಿಟ್ಟು ಒಡೆಯಿರಿ. ಬೀಜ ಕಾಯಿಯೊಳಗೇ ಇನ್ನಷ್ಟು ತುಂಬಿಕೊಳ್ಳುತ್ತದೆ. ತಿರುಳು ತೊಳೆದು, ನೀರಿನಲ್ಲಿ ತೇಲುವ ಜಳ್ಳು ಬಿಟ್ಟು, ಗಟ್ಟಿ ಬೀಜವನ್ನು ನೆರಳಿನಲ್ಲಿ ವಾರ ಒಣಗಿಸಿ. ಬಗ್ಗಿಸಿದರೆ ಬಳುಕದೆ ಪಟ್ಟನೆ ಮುರಿದರೆ ಒಣಗಿದೆ. ಬೂದಿ ಬೆರೆಸಿ ಗಾಜಿನ ಭರಣಿಯಲ್ಲಿಟ್ಟು, ತಳಿಯ ಹೆಸರು, ಕೊಯ್ದ ತಿಂಗಳು ಬರೆದು ಅಂಟಿಸಿ.